ಒಂದೇ ಕರೆನ್ಸಿ, ಹಲವು ದೇಶ: ಏಟು ಬಿದ್ದಾಗ ಬಗ್ಗಬೇಕಾದವರು ಯಾರು?

ಪ್ರಶ್ನೆ: ಯೂರೊ ಬಳಸುವ ದೇಶಗಳ ಬಗ್ಗೆ ಓದಿದಾಗಲೆಲ್ಲ ‘ಕಾರ್ಮಿಕ ಮಾರುಕಟ್ಟೆ ಇನ್ನಷ್ಟು ಸಡಿಲವಾಗಬೇಕು’ ಅನ್ನುವ ಮಾತು ಬರುತ್ತದೆ. ಕರೆನ್ಸಿಗೂ ಕಾರ್ಮಿಕ ಕಾನೂನಿಗೂ ಏನು ಸಂಬಂಧ? ಜನರನ್ನು ಸುಲಭವಾಗಿ ಕೆಲಸದಿಂದ ತೆಗೆಯೋಕೆ ಇಟ್ಟ ಚೆಂದದ ಹೆಸರು ಇದು, ಅಲ್ವಾ? ಅಷ್ಟೊಂದು ಮುಖ್ಯ ಅಂತಾದರೆ ಎಲ್ಲ ದೇಶಗಳಿಗೂ ಒಂದೇ ಕಾರ್ಮಿಕ ಕಾನೂನು ತರಬಹುದಲ್ಲ?

ಉತ್ತರ: ನಿಮ್ಮ ಅನುಮಾನದಲ್ಲಿ ಅರ್ಧ ನಿಜ ಇದೆ. 2010ರ ನಂತರದ ಯೂರೊ ಬಿಕ್ಕಟ್ಟಿನಲ್ಲಿ ‘ಸುಧಾರಣೆ’ ಅಂದರೆ ಬಹಳ ಕಡೆ ಸಂಬಳ ಕಡಿತ ಮತ್ತು ಕೆಲಸದಿಂದ ತೆಗೆಯುವ ನಿಯಮಗಳ ಸಡಿಲಿಕೆ, ಅಷ್ಟೇ ಆಗಿತ್ತು. ಆದರೆ ಕರೆನ್ಸಿಗೂ ಕೆಲಸಕ್ಕೂ ಇರುವ ನಂಟು ಕಟ್ಟುಕಥೆಯಲ್ಲ. ಮೊದಲು ಅದನ್ನೇ ನೋಡೋಣ.

ಒಂದು ದೇಶಕ್ಕೆ ತನ್ನದೇ ಕರೆನ್ಸಿ ಇದೆ ಅಂದುಕೊಳ್ಳಿ. ಅದರ ರಫ್ತು ಕುಸಿಯಿತು. ಆಗ ಕರೆನ್ಸಿಯ ಬೆಲೆಯೂ ಇಳಿಯುತ್ತದೆ. ಅದರ ಸರಕು ಹೊರಗಿನವರಿಗೆ ಅಗ್ಗವಾಗುತ್ತದೆ, ಹೊರಗಿಂದ ತರಿಸುವ ವಸ್ತು ದುಬಾರಿಯಾಗುತ್ತದೆ. ಅಂದರೆ ಎಲ್ಲರ ಸಂಬಳವೂ ಒಳಗೊಳಗೇ ಸ್ವಲ್ಪ ಕರಗುತ್ತದೆ. ಯಾವ ಮಾಲೀಕನೂ ಯಾರ ಮುಂದೆಯೂ ನಿಂತು ‘ನಿನ್ನ ಸಂಬಳ ಕಡಿಮೆ ಮಾಡ್ತೀನಿ’ ಅನ್ನಬೇಕಿಲ್ಲ. 1992ರಲ್ಲಿ ಇಟಲಿಯ ಲಿರಾ ಹೀಗೇ ಇಳಿಯಿತು. 1991ರಲ್ಲಿ ಫಿನ್ಲೆಂಡ್ ತನ್ನ ಕರೆನ್ಸಿ ಮಾರ್ಕ್ಕಾವನ್ನು ಅಪಮೌಲ್ಯ ಮಾಡಿತು, ಅಂದರೆ ಅದರ ಬೆಲೆಯನ್ನು ತಾನೇ ಇಳಿಸಿತು. ಇಬ್ಬರಿಗೂ ಅದರಿಂದ ರಫ್ತಿನಲ್ಲಿ ಉಸಿರು ಬಂತು. ಯೂರೊ ಸೇರಿದ ಮೇಲೆ ಈ ದಾರಿ ಮುಚ್ಚಿತು.

ಇನ್ನೊಂದು ಕೈಯೂ ಕಟ್ಟಿಹೋಯಿತು, ಅದು ಬಡ್ಡಿ ದರ. ಫ್ರಾಂಕ್‌ಫರ್ಟ್‌ನಲ್ಲಿರುವ ಯುರೋಪಿಯನ್ ಸೆಂಟ್ರಲ್ ಬ್ಯಾಂಕ್ ಎಲ್ಲರಿಗೂ ಸೇರಿ ಒಂದೇ ದರ ನಿಗದಿ ಮಾಡುತ್ತದೆ. 2003ರ ಜೂನ್‌ನಿಂದ 2005ರ ಡಿಸೆಂಬರ್‌ವರೆಗೆ ಆ ದರ ಶೇ 2 ಇತ್ತು. ಅದೇ ಹೊತ್ತಿಗೆ ಜರ್ಮನಿಯಲ್ಲಿ ನಿರುದ್ಯೋಗಿಗಳು 50 ಲಕ್ಷ ದಾಟಿದ್ದರು. ಅವರಿಗೆ ದರ ಇನ್ನೂ ಇಳಿಯಬೇಕಿತ್ತು. ಸ್ಪೇನ್‌ನಲ್ಲಿ ಬೆಲೆಗಳು ವರ್ಷಕ್ಕೆ ಶೇ 3ರಷ್ಟು ಏರುತ್ತಿದ್ದವು, ಮನೆ ಕಟ್ಟುವ ಹುಚ್ಚು ಹಿಡಿದಿತ್ತು. ಅಲ್ಲಿ ಬೆಲೆಯೇರಿಕೆ ಕಳೆದರೆ ಸಾಲ ಹೆಚ್ಚುಕಡಿಮೆ ಬಿಟ್ಟಿ. ಅವರಿಗೆ ದರ ಏರಬೇಕಿತ್ತು. ಒಂದೇ ಅಳತೆಯ ಅಂಗಿ ಇಬ್ಬರಿಗೂ ಸರಿಹೋಗಲಿಲ್ಲ.

ವಿನಿಮಯ ದರ ಇಲ್ಲ, ಬಡ್ಡಿ ದರ ಇಲ್ಲ ಅಂದಮೇಲೆ ಏಟನ್ನು ತಡೆಯೋದು ಯಾರು? ಅರ್ಥಶಾಸ್ತ್ರಜ್ಞ ರಾಬರ್ಟ್ ಮಂಡೆಲ್ 1961ರಲ್ಲೇ ಈ ಪ್ರಶ್ನೆ ಕೇಳಿದ್ದರು. ಕೆಲಸಗಾರರು ಒಂದು ಪ್ರದೇಶದಿಂದ ಇನ್ನೊಂದಕ್ಕೆ ಸುಲಭವಾಗಿ ಹೋಗುವಂತಿದ್ದರೆ ಮಾತ್ರ ಆ ಪ್ರದೇಶಗಳು ಒಂದು ಕರೆನ್ಸಿ ಹಂಚಿಕೊಳ್ಳೋದು ಸರಿ ಅನ್ನೋದು ಅವರ ವಾದದ ತಿರುಳು. 1969ರಲ್ಲಿ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಪೀಟರ್ ಕೆನೆನ್ ಅದಕ್ಕೆ ಇನ್ನೊಂದು ಮಾತು ಸೇರಿಸಿದರು: ಏಟು ತಿಂದ ಪ್ರದೇಶಕ್ಕೆ ಉಳಿದವರ ತೆರಿಗೆ ಹಣ ಹರಿದುಬರುವ ವ್ಯವಸ್ಥೆಯೂ ಮುಖ್ಯ. ಮೊದಲ ಮಾತು ಎಲ್ಲರಿಗೂ ನೆನಪಿದೆ. ಎರಡನೆಯದು ಬಹಳ ಜನರಿಗೆ ಅನುಕೂಲಕ್ಕೆ ತಕ್ಕಂತೆ ಮರೆತುಹೋಗುತ್ತದೆ.

ಈಗ ‘ಸಡಿಲ’ ಅಂದರೆ ಏನು ಅನ್ನುವ ವಿಚಾರಕ್ಕೆ ಬರೋಣ. 100 ಜನ ಇರುವ ಒಂದು ಕಾರ್ಖಾನೆ. ಆರ್ಡರ್ ಐದರಲ್ಲಿ ಒಂದು ಪಾಲು ಕಡಿಮೆಯಾಯಿತು. ಮಾಲೀಕ 20 ಜನರನ್ನು ತೆಗೆಯಬಹುದು. ಎಲ್ಲರ ಸಂಬಳ ಇಳಿಸಿ, ಸರಕಿನ ಬೆಲೆ ಇಳಿಸಿ, ಆರ್ಡರ್ ಮರಳಿ ಬರಲಿ ಅಂತ ಕಾಯಬಹುದು. ಎಲ್ಲರ ಕೆಲಸದ ಗಂಟೆಯನ್ನು ಐದರಲ್ಲಿ ಒಂದು ಪಾಲು ಇಳಿಸಬಹುದು. ಇಲ್ಲವೇ 20 ಜನ ಕೆಲಸ ಹೆಚ್ಚಿರುವ ಇನ್ನೊಂದು ದೇಶಕ್ಕೆ ಹೊರಟುಹೋಗಬಹುದು. ಅರ್ಥಶಾಸ್ತ್ರದ ಲೆಕ್ಕದಲ್ಲಿ ನಾಲ್ಕೂ ಸಡಿಲತೆಯೇ. ಆದರೆ ನೋವು ಯಾರ ತಲೆಗೆ ಬೀಳುತ್ತದೆ ಅನ್ನೋದು ಪ್ರತಿಯೊಂದರಲ್ಲೂ ಬೇರೆ. ನಾಲ್ಕನ್ನೂ ಒಂದೇ ಪದದಲ್ಲಿ ಸುತ್ತಿ ಮಾತಾಡುವುದರಿಂದಲೇ ಈ ಚರ್ಚೆ ಇಷ್ಟು ಗೋಜಲಾಗಿದೆ.

ಊರು ಬಿಡುವ ದಾರಿಯನ್ನು ಬೇಗ ಮುಗಿಸುತ್ತೇನೆ. ಅಮೆರಿಕದಲ್ಲಿ ಒಂದು ರಾಜ್ಯಕ್ಕೆ ಏಟು ಬಿದ್ದರೆ ಜನ ಇನ್ನೊಂದು ರಾಜ್ಯಕ್ಕೆ ಹೋಗುತ್ತಾರೆ. ಭಾಷೆ ಅದೇ, ಪಿಂಚಣಿ ವ್ಯವಸ್ಥೆ ಅದೇ. ಯುರೋಪಿನಲ್ಲಿ ಕಾನೂನು ಅಡ್ಡ ಬರೋದಿಲ್ಲ, ಉಳಿದೆಲ್ಲ ಅಡ್ಡ ಬರುತ್ತದೆ: ಭಾಷೆ, ಮನೆ, ಮಕ್ಕಳ ಶಾಲೆ, ವೃತ್ತಿಯ ಪರವಾನಗಿ. ದುಡಿಯುವ ವಯಸ್ಸಿನವರಲ್ಲಿ ಯುರೋಪಿಯನ್ ಒಕ್ಕೂಟದ ಇನ್ನೊಂದು ಸದಸ್ಯ ದೇಶದಲ್ಲಿ ನೆಲೆಸಿದವರು ಸುಮಾರು ಶೇ 4, ಅಷ್ಟೇ. ಹೋದರೂ ಹಿಂದೆ ಉಳಿದ ದೇಶಕ್ಕೆ ಪೆಟ್ಟು. ಲಾಟ್ವಿಯಾ 2008ರ ಬಿಕ್ಕಟ್ಟಿನಲ್ಲಿ ಇನ್ನೂ ಯೂರೊ ಸೇರಿರಲಿಲ್ಲ, ಆದರೆ ತನ್ನ ಕರೆನ್ಸಿ ಲಾಟ್ಸ್‌ನ ದರವನ್ನು ಯೂರೊಗೆ ಕಟ್ಟಿಹಾಕಿಕೊಂಡಿತ್ತು. ಅಪಮೌಲ್ಯ ಮಾಡೋದಿಲ್ಲ ಅಂತ ಹಟ ಹಿಡಿಯಿತು. 2008ರಲ್ಲಿ ಸುಮಾರು 22 ಲಕ್ಷ ಇದ್ದ ಜನಸಂಖ್ಯೆ, ಅದು ಯೂರೊ ಸೇರಿದ 2014ರ ಹೊತ್ತಿಗೆ ಸುಮಾರು 20 ಲಕ್ಷಕ್ಕೆ ಇಳಿದಿತ್ತು. ಹೀಗೆ ಹೊರಡುವವರಲ್ಲಿ ಹರೆಯದವರೇ ಜಾಸ್ತಿ. ಸಾಲ ಮತ್ತು ಪಿಂಚಣಿಯ ಹೊರೆ ಮಾತ್ರ ಉಳಿದವರ ಮೇಲೆ.

ಸಂಬಳ ಇಳಿಸುವ ದಾರಿಗೆ ಗ್ರೀಸ್ ಉದಾಹರಣೆ. 2012ರ ಫೆಬ್ರವರಿಯಲ್ಲಿ ಅಲ್ಲಿನ ಕನಿಷ್ಠ ಮಾಸಿಕ ವೇತನವನ್ನು 751 ಯೂರೊದಿಂದ 586ಕ್ಕೆ ಇಳಿಸಿದರು. 25 ವರ್ಷದೊಳಗಿನವರಿಗೆ 511. ಪುಸ್ತಕದ ಲೆಕ್ಕದಲ್ಲಿ ಉದ್ಯೋಗ ಹೆಚ್ಚಬೇಕಿತ್ತು. 2013ರಲ್ಲಿ ನಿರುದ್ಯೋಗ ಶೇ 27 ದಾಟಿತು. ಸಂಬಳ ಇಳಿಸಿದ್ದರಿಂದಲೇ ಹೀಗಾಯಿತು ಅನ್ನಲಾರೆ. ಸರ್ಕಾರದ ಖರ್ಚು ಕಡಿತ, ಬ್ಯಾಂಕುಗಳ ಸ್ಥಿತಿ ಎಲ್ಲವೂ ಸೇರಿದ್ದವು. ಆದರೆ ಸಂಬಳ ಕಡಿತ ನಿರೀಕ್ಷಿಸಿದ ಫಲ ಕೊಡಲಿಲ್ಲ, ಅದು ಖಂಡಿತ.

ಕಾರಣ ಸರಳ. ಸಂಬಳ ಇಳಿಯುತ್ತದೆ, ಸಾಲ ಇಳಿಯೋದಿಲ್ಲ. ತಿಂಗಳಿಗೆ 1,500 ಯೂರೊ ದುಡಿಯುವವರ ಮನೆ ಸಾಲದ ಕಂತು 500 ಯೂರೊ ಅಂದುಕೊಳ್ಳಿ. ಸಂಬಳದ ಮೂರನೇ ಒಂದು ಪಾಲು. ಸಂಬಳ ಶೇ 20 ಇಳಿದು 1,200 ಆಯಿತು. ಕಂತು ಅದೇ 500. ಈಗ ಸಂಬಳದ ಶೇ 42ರಷ್ಟು ಕಂತಿಗೇ ಹೋಗುತ್ತದೆ. ಉಳಿದ ಖರ್ಚಿಗೆ ಇದ್ದ 1,000 ಯೂರೊ 700ಕ್ಕೆ ಬಂತು. ಸಂಬಳದ ಕಡಿತ ಶೇ 20, ಕೈಯಲ್ಲಿ ಉಳಿಯುವ ದುಡ್ಡಿನ ಕಡಿತ ಶೇ 30. ಇಂಥ ಲಕ್ಷಾಂತರ ಮನೆಗಳು ಒಟ್ಟಿಗೆ ಖರ್ಚು ಬಿಗಿಹಿಡಿದರೆ ಅಂಗಡಿಗಳು ಮುಚ್ಚುತ್ತವೆ, ಅಲ್ಲಿನವರ ಕೆಲಸವೂ ಹೋಗುತ್ತದೆ. ಸರ್ಕಾರದ ಕಥೆಯೂ ಇದೇ: ತೆರಿಗೆ ಇಳಿಯುತ್ತದೆ, ಹಳೆಯ ಸಾಲ ಹಾಗೇ ನಿಂತಿರುತ್ತದೆ. ಸಂಬಳ ಇಳಿಸಿ ಬೇಗ ಚೇತರಿಸಿಕೊಂಡ ದೇಶವೂ ಇದೆ. ಐರ್ಲೆಂಡ್ ಆಗ ಶೇ 15ರ ನಿರುದ್ಯೋಗದಿಂದ ಮೇಲೆದ್ದು ಬಂತು. ಆದರೆ ಅದರ ಕೈಯಲ್ಲಿ ಔಷಧಿ ಮತ್ತು ಕಂಪ್ಯೂಟರ್ ಕಂಪನಿಗಳ ದೊಡ್ಡ ರಫ್ತು ಇತ್ತು. ಒಳಗಿನವರು ಕೊಳ್ಳದಿದ್ದರೂ ಹೊರಗಿನವರು ಕೊಂಡರು. ಗ್ರೀಸ್‌ಗೆ ಆ ಅನುಕೂಲ ಇರಲಿಲ್ಲ.

ನನ್ನ ದೃಷ್ಟಿಯಲ್ಲಿ ಈ ಇಡೀ ವಿಷಯದಲ್ಲಿ ಹೆಚ್ಚು ಕಲಿಸುವ ದೇಶ ಸ್ಪೇನ್. ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

2008ರ ಬಿಕ್ಕಟ್ಟಿಗೆ ಮುಂಚೆ ಸ್ಪೇನ್‌ನಲ್ಲಿ ಎರಡು ಬಗೆಯ ನೌಕರರಿದ್ದರು. ಕಾಯಂ ನೌಕರರನ್ನು ಸರಿಯಾದ ಕಾರಣ ಇಲ್ಲದೆ ತೆಗೆದರೆ ಸೇವೆಯ ಪ್ರತಿ ವರ್ಷಕ್ಕೆ 45 ದಿನದ ಸಂಬಳ ಕೊಡಬೇಕಿತ್ತು. ಇನ್ನೊಂದು ಕಡೆ ತಾತ್ಕಾಲಿಕ ಗುತ್ತಿಗೆಯವರು, ಒಟ್ಟು ನೌಕರರಲ್ಲಿ ಸುಮಾರು ಮೂರನೇ ಒಂದು ಪಾಲು. ಅವರನ್ನು ತೆಗೆಯುವ ಗೋಜೇ ಇಲ್ಲ, ಗುತ್ತಿಗೆ ಮುಗಿದ ದಿನ ಮುಂದುವರಿಸದಿದ್ದರೆ ಸಾಕು. ಹಾಗಾದರೆ ಸ್ಪೇನ್ ಬಿಗಿಯೋ ಸಡಿಲವೋ? ಎರಡೂ ಹೌದು. ಅಲ್ಲಿನ ಪೂರ್ತಿ ಸಡಿಲತೆಯನ್ನು ಮೂರನೇ ಒಂದು ಪಾಲು ಜನ ಹೊತ್ತಿದ್ದರು. 2009ರಲ್ಲಿ ಆರ್ಥಿಕತೆ ಕುಗ್ಗಿದ್ದು ಶೇ 4ಕ್ಕಿಂತ ಕಡಿಮೆ. ನಿರುದ್ಯೋಗ ಮಾತ್ರ ಒಂದೇ ವರ್ಷದಲ್ಲಿ ಶೇ 11ರಿಂದ 18ಕ್ಕೆ ಜಿಗಿಯಿತು. 2013ಕ್ಕೆ ಶೇ 26.

ಅದೇ 2009ರಲ್ಲಿ ಜರ್ಮನಿಯ ಆರ್ಥಿಕತೆ ಶೇ 5ಕ್ಕಿಂತ ಹೆಚ್ಚು ಕುಗ್ಗಿತು. ಅಂದರೆ ಏಟು ಸ್ಪೇನ್‌ಗಿಂತ ದೊಡ್ಡದು. ನಿರುದ್ಯೋಗ ಹೆಚ್ಚೇನೂ ಕದಲಲಿಲ್ಲ. ಜರ್ಮನಿಯಲ್ಲಿ ಕಾಯಂ ನೌಕರರನ್ನು ತೆಗೆಯೋದು ಸುಲಭವೇ? ಖಂಡಿತ ಅಲ್ಲ. ಅಲ್ಲಿ ಬಗ್ಗಿದ್ದು ಗಂಟೆಗಳು. ಕಂಪನಿಗಳಲ್ಲಿ ಗಂಟೆಗಳ ಖಾತೆ ಇರುತ್ತದೆ. ಕೆಲಸ ಜಾಸ್ತಿ ಇದ್ದಾಗ ಮಾಡಿದ ಹೆಚ್ಚುವರಿ ಗಂಟೆ ಜಮಾ ಆಗುತ್ತದೆ, ಕೆಲಸ ಇಲ್ಲದಾಗ ರಜೆಯಾಗಿ ಖರ್ಚಾಗುತ್ತದೆ. ಅದೂ ಮುಗಿದರೆ ಕುರ್ಟ್ಸ್‌ಆರ್ಬೈಟ್ ಅನ್ನುವ ಸರ್ಕಾರಿ ಯೋಜನೆ. ಕೈಗೆ 2,000 ಯೂರೊ ಬರುವ ಒಬ್ಬರ ಕೆಲಸ ಅರ್ಧ ಆಯಿತು ಅಂದುಕೊಳ್ಳಿ. ಕಂಪನಿ 1,000 ಕೊಡುತ್ತದೆ. ಹೋದ 1,000ದಲ್ಲಿ ಸುಮಾರು ಶೇ 60, ಮಕ್ಕಳಿದ್ದರೆ ಶೇ 67, ನಿರುದ್ಯೋಗ ವಿಮೆಯಿಂದ ಬರುತ್ತದೆ. ಮಕ್ಕಳಿಲ್ಲದವರಿಗೂ ತಿಂಗಳಿಗೆ ಸುಮಾರು 1,600 ಸಿಗುತ್ತದೆ. ಕಂತು ಕಟ್ಟಬಹುದು. ಕೆಲಸದ ಕೈಚಳಕ ಮರೆಯೋದಿಲ್ಲ. ಆರ್ಡರ್ ಬಂದ ದಿನ ಕಂಪನಿ ಹೊಸಬರನ್ನು ಹುಡುಕಬೇಕಿಲ್ಲ. 2009ರಲ್ಲಿ ಒಂದು ಹಂತದಲ್ಲಿ ಹೆಚ್ಚುಕಡಿಮೆ 15 ಲಕ್ಷ ಜನ ಈ ಯೋಜನೆಯಲ್ಲಿದ್ದರು.

ಸ್ಪೇನ್ ಇದನ್ನು ನೋಡಿ ಕಲಿಯಿತು, ತಡವಾಗಿಯಾದರೂ. 2012ರ ಸುಧಾರಣೆಯಲ್ಲಿ 45 ದಿನದ ಪರಿಹಾರ 33ಕ್ಕೆ ಇಳಿಯಿತು. ಪತ್ರಿಕೆಗಳಲ್ಲಿ ಜಗಳ ಆದದ್ದು ಅದರ ಬಗ್ಗೆ. ನಿಜವಾದ ಬದಲಾವಣೆ ಕಂಡಿದ್ದು 2020ರಲ್ಲಿ. ಕೋವಿಡ್ ವರ್ಷ ಸ್ಪೇನ್ ಆರ್ಥಿಕತೆ ಸುಮಾರು ಶೇ 11 ಕುಸಿಯಿತು. 2009ರ ಎರಡೂವರೆ ಪಟ್ಟಿಗಿಂತ ಜಾಸ್ತಿ. ನಿರುದ್ಯೋಗದ ವಾರ್ಷಿಕ ಸರಾಸರಿ ಮಾತ್ರ ಶೇ 14ರಿಂದ ಶೇ 16ರ ಆಸುಪಾಸಿಗೆ ಬಂತು, ಅಷ್ಟೇ. ಕಾರಣ ಎರ್ಟೆ ಅನ್ನುವ ಯೋಜನೆ. ಜರ್ಮನ್ ಮಾದರಿಯ ಹಾಗೇ ಕೆಲಸ ನಿಂತರೂ ನೌಕರಿ ಉಳಿಯುತ್ತದೆ, ಸಂಬಳದ ಒಂದು ಪಾಲು ಸರ್ಕಾರ ಕೊಡುತ್ತದೆ. ಒಂದು ಹಂತದಲ್ಲಿ 30 ಲಕ್ಷಕ್ಕೂ ಹೆಚ್ಚು ಜನ ಅದರಲ್ಲಿದ್ದರು. ಎರ್ಟೆಯಲ್ಲಿ ಇದ್ದವರನ್ನು ನಿರುದ್ಯೋಗಿಗಳ ಲೆಕ್ಕಕ್ಕೆ ಸೇರಿಸೋದಿಲ್ಲ, ಕೋವಿಡ್ ಒಂದು ದಿನ ಮುಗಿಯುತ್ತದೆ ಅಂತಲೂ ಎಲ್ಲರಿಗೂ ಗೊತ್ತಿತ್ತು. ಇವೆರಡನ್ನೂ ಕಳೆದು ನೋಡಿದರೂ ವ್ಯತ್ಯಾಸ ದೊಡ್ಡದೇ. 2021ರ ಡಿಸೆಂಬರ್‌ನಲ್ಲಿ ಇನ್ನೊಂದು ಕಾನೂನು ಬಂತು. ತಾತ್ಕಾಲಿಕ ಗುತ್ತಿಗೆಗೆ ಕಡಿವಾಣ ಬಿತ್ತು, ಅಂಥವರ ಪಾಲು ಗಣನೀಯವಾಗಿ ಇಳಿಯಿತು. ಈ ಸಲ ನಿಯಮ ಬಿಗಿ ಮಾಡಿದರು, ಉದ್ಯೋಗ ಕುಸಿಯಲಿಲ್ಲ.

ಹಾಗಂತ ಗಂಟೆ ಇಳಿಸೋದು ಎಲ್ಲ ರೋಗಕ್ಕೂ ಮದ್ದಲ್ಲ. ಆರ್ಡರ್ ಮರಳಿ ಬರುವುದಾದರೆ ಸರಿ. ಆ ಉದ್ಯಮವೇ ಮುಗಿದುಹೋಗಿದ್ದರೆ? ಆಗ ಜನರನ್ನು ಅಲ್ಲೇ ಹಿಡಿದಿಟ್ಟರೆ ಸರ್ಕಾರದ ದುಡ್ಡೂ ಹೋಗುತ್ತದೆ, ಅವರ ವರ್ಷಗಳೂ ಹೋಗುತ್ತವೆ. ಅಲ್ಲಿ ಕೆಲಸ ಬದಲಿಸೋದು ಸುಲಭವಾಗಬೇಕು. ಡೆನ್ಮಾರ್ಕ್ ಹೆಸರು ಬರೋದು ಇಲ್ಲಿ. ಅದು ಯೂರೊ ಸೇರಿಲ್ಲ, ಆದರೆ ತನ್ನ ಕರೆನ್ಸಿ ಕ್ರೋನ್ ಅನ್ನು ಯೂರೊಗೆ ಕಟ್ಟಿಟ್ಟಿದೆ, ಹಾಗಾಗಿ ಪಾಠ ಅನ್ವಯಿಸುತ್ತದೆ. ಅಲ್ಲಿ ಕೆಲಸದಿಂದ ತೆಗೆಯೋದು ಸುಲಭ. ಜೊತೆಗೆ ಕಡಿಮೆ ಸಂಬಳದವರಿಗೆ ಹಳೆಯ ಸಂಬಳದ ಶೇ 90ರವರೆಗೆ, ಎರಡು ವರ್ಷದವರೆಗೆ ಭತ್ಯೆ ಸಿಗುತ್ತದೆ. ಹೊಸ ಕೆಲಸಕ್ಕೆ ತರಬೇತಿಯೂ ಉಂಟು. ಬೇರೆ ದೇಶಗಳ ಮಂತ್ರಿಗಳು ಕೋಪನ್‌ಹೇಗನ್‌ಗೆ ಹೋಗಿ ಬಂದು ಮೊದಲ ಅರ್ಧವನ್ನು ಮಾತ್ರ ಜಾರಿ ಮಾಡುತ್ತಾರೆ, ಯಾಕಂದರೆ ಎರಡನೇ ಅರ್ಧಕ್ಕೆ ದುಡ್ಡು ಬೇಕು. ನಿಮ್ಮ ಅನುಮಾನ ಹುಟ್ಟಿದ್ದು ಇಂಥ ಅರ್ಧ ನಕಲುಗಳಿಂದ.

ಕಡಿಮೆ ಖರ್ಚಿನ ಒಳ್ಳೆಯ ಉಪಾಯ ಆಸ್ಟ್ರಿಯಾದ್ದು. ಮೊದಲು ಅಲ್ಲಿ ಒಂದೇ ಕಂಪನಿಯಲ್ಲಿ ಕನಿಷ್ಠ ಮೂರು ವರ್ಷ ಇದ್ದು, ಕಂಪನಿಯೇ ತೆಗೆದರೆ ಪರಿಹಾರ ಸಿಗುತ್ತಿತ್ತು. ತಾವಾಗಿ ಕೆಲಸ ಬಿಟ್ಟರೆ ಆ ಹಣ ಹೋಯಿತು. ಹಾಗಾಗಿ ಜನ ಮುಳುಗುವ ಕಂಪನಿಯಲ್ಲೂ ಕೂತಿರುತ್ತಿದ್ದರು. 2003ರಿಂದ ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನಿಯಮ ಬದಲಾಯಿತು. ಮಾಲೀಕ ಪ್ರತಿ ತಿಂಗಳು ಸಂಬಳದ ಶೇ 1.53ನ್ನು ನೌಕರರ ಹೆಸರಿನ ಖಾತೆಗೆ ಕಟ್ಟುತ್ತಾನೆ. ಕಂಪನಿ ಬದಲಿಸಿದರೂ ಹಣ ಅವರ ಜೊತೆಗೇ ಬರುತ್ತದೆ. ಮಾಲೀಕನಿಗೂ ತೆಗೆಯುವ ದಿನ ದೊಡ್ಡ ಮೊತ್ತ ಹುಡುಕುವ ತಾಪತ್ರಯ ಇಲ್ಲ. ಇದೂ ಸಡಿಲತೆಯೇ, ಯಾರ ಹಕ್ಕನ್ನೂ ಕಿತ್ತುಕೊಂಡಿಲ್ಲ.

ಒಂದು ಕರೆನ್ಸಿಯೊಳಗೆ ಒಬ್ಬರ ಸಂಬಳ ನೀತಿ ಪಕ್ಕದವರ ತಲೆನೋವೂ ಆಗುತ್ತದೆ. 2003ರ ಮಾರ್ಚ್‌ನಲ್ಲಿ ಜರ್ಮನ್ ಚಾನ್ಸಲರ್ ಗೆರ್ಹಾರ್ಡ್ ಶ್ರೋಡರ್ ಕಾರ್ಮಿಕ ಮಾರುಕಟ್ಟೆ ಮತ್ತು ನಿರುದ್ಯೋಗ ಭತ್ಯೆಯ ಸುಧಾರಣೆಗೆ ‘ಅಜೆಂಡಾ 2010’ ಘೋಷಿಸಿದರು. ಅದಕ್ಕೂ ಮುಂಚಿನಿಂದಲೇ ಅಲ್ಲಿನ ಕಾರ್ಮಿಕ ಸಂಘಗಳು ಉದ್ಯೋಗ ಉಳಿಸಿಕೊಳ್ಳಲು ಕಡಿಮೆ ಏರಿಕೆಗೆ ಒಪ್ಪುತ್ತಾ ಬಂದಿದ್ದವು. ಯೂರೊದ ಮೊದಲ ಹತ್ತು ವರ್ಷದಲ್ಲಿ ಜರ್ಮನಿಯಲ್ಲಿ ಒಂದು ಸರಕು ತಯಾರಿಸಲು ತಗಲುವ ಕೂಲಿ ವೆಚ್ಚ ಹೆಚ್ಚುಕಡಿಮೆ ನಿಂತಲ್ಲೇ ನಿಂತಿತ್ತು. ಗ್ರೀಸ್, ಸ್ಪೇನ್‌ಗಳಲ್ಲಿ ಸುಮಾರು ಮೂರನೇ ಒಂದು ಪಾಲು ಏರಿತು. ದಕ್ಷಿಣದವರು ಮಿತಿಮೀರಿದರು ಅನ್ನುವವರು ಉತ್ತರದವರು ತೀರಾ ಬಿಗಿಹಿಡಿದರು ಅನ್ನೋದನ್ನೂ ಹೇಳಬೇಕು. ಪೈಪೋಟಿಯಲ್ಲಿ ಲೆಕ್ಕಕ್ಕೆ ಬರೋದು ಇಬ್ಬರ ನಡುವಿನ ಅಂತರ. ಎಲ್ಲರೂ ಒಟ್ಟಿಗೆ ಸಂಬಳ ಇಳಿಸಿದರೆ ಅಂತರ ಹಾಗೇ ಉಳಿಯುತ್ತದೆ, ಕೊಳ್ಳುವವರು ಮಾತ್ರ ಕಡಿಮೆಯಾಗುತ್ತಾರೆ. 2015ರಲ್ಲಿ ಜರ್ಮನಿ ಮೊದಲ ಸಲ ರಾಷ್ಟ್ರವ್ಯಾಪಿ ಕನಿಷ್ಠ ವೇತನ ತಂದಿತು, ಗಂಟೆಗೆ 8.50 ಯೂರೊ. ಇದು ಜರ್ಮನಿಯ ಒಳಗಿನ ವಿಷಯ ಅಂತ ಬಹಳ ಜನ ನೋಡಿದರು. ನಾನಂತೂ ಇದನ್ನು ಇಡೀ ಯೂರೊ ವಲಯಕ್ಕೆ ಒಳ್ಳೆಯದಾದ ಕ್ರಮ ಅನ್ನುತ್ತೇನೆ.

ಅಂತರ ಬೆಳೆಯದಂತೆ ನೋಡಿಕೊಳ್ಳಲು ಕೆಲವರು ದಾರಿ ಮಾಡಿಕೊಂಡಿದ್ದಾರೆ. ಬೆಲ್ಜಿಯಂನಲ್ಲಿ ಬೆಲೆ ಏರಿದಂತೆ ಸಂಬಳ ತಾನಾಗಿ ಏರುತ್ತದೆ. ಆದರೆ 1996ರ ಕಾನೂನಿನ ಪ್ರಕಾರ ಅದರ ಮೇಲಿನ ಏರಿಕೆಗೆ ಮಿತಿ ಇಡುವಾಗ ಜರ್ಮನಿ, ಫ್ರಾನ್ಸ್, ನೆದರ್ಲೆಂಡ್ಸ್ ಸಂಬಳವನ್ನೂ ನೋಡಬೇಕು. ಈ ಏರ್ಪಾಡು ಪೂರ್ತಿ ಫಲ ಕೊಟ್ಟಿಲ್ಲ. 2023ರ ಜನವರಿಯಲ್ಲಿ ಲಕ್ಷಾಂತರ ಕಚೇರಿ ನೌಕರರ ಸಂಬಳ ಒಂದೇ ಸಲಕ್ಕೆ ಶೇ 11ಕ್ಕಿಂತ ಜಾಸ್ತಿ ಏರಿತು. ಫಿನ್ಲೆಂಡ್ 2016ರಲ್ಲಿ ಬೇರೆಯದನ್ನೇ ಮಾಡಿತು. ನೋಕಿಯಾ ಫೋನ್ ವ್ಯವಹಾರ ಕುಸಿದಿತ್ತು, ಕಾಗದ ಉದ್ಯಮ ಸೊರಗಿತ್ತು, ಅಪಮೌಲ್ಯ ಮಾಡಲು ಮಾರ್ಕ್ಕಾ ಇರಲಿಲ್ಲ. ಮಾಲೀಕರು, ಸಂಘಗಳು, ಸರ್ಕಾರ ಕೂತು ಒಪ್ಪಂದ ಮಾಡಿಕೊಂಡರು: ಮೂಲ ಸಂಬಳ ಇಳಿಸೋದಿಲ್ಲ, ವರ್ಷಕ್ಕೆ 24 ಗಂಟೆ ಹೆಚ್ಚು ದುಡಿಯೋದು, ಅದಕ್ಕೆ ದುಡ್ಡಿಲ್ಲ. ದಿನದ ಲೆಕ್ಕದಲ್ಲಿ ಸುಮಾರು ಆರು ನಿಮಿಷ. ಕಂತು ಕಟ್ಟುವವರ ದೃಷ್ಟಿಯಿಂದ ನೋಡಿ, ಗ್ರೀಸ್ ದಾರಿಗಿಂತ ಇದು ಎಷ್ಟೋ ಮೇಲು. ಆದರೂ ಆ ಆರು ನಿಮಿಷವನ್ನು ಜನ ಮರೆಯಲಿಲ್ಲ, 2020ರ ಮಾತುಕತೆಗಳಲ್ಲಿ ಹಲವು ವಲಯಗಳ ಸಂಘಗಳು ಅದನ್ನು ತೆಗೆಸಿಹಾಕಿದವು.

ಇನ್ನು ನಿಮ್ಮ ಕೊನೆಯ ಪ್ರಶ್ನೆ, ಎಲ್ಲರಿಗೂ ಒಂದೇ ಕಾನೂನು. ಬೇಡ ಅಂತ ನೇರವಾಗಿ ಹೇಳುತ್ತೇನೆ. ಇದಕ್ಕೆ ಹತ್ತಿರದ ಪ್ರಯೋಗ ಒಂದು ನಡೆದಿದೆ. 1990ರ ಜುಲೈ 1ರಂದು ಪೂರ್ವ ಜರ್ಮನಿಗೆ ಪಶ್ಚಿಮದ ಮಾರ್ಕ್ ಬಂತು. ಸಂಬಳಗಳನ್ನು ಒಂದಕ್ಕೆ ಒಂದರಂತೆ ಬದಲಿಸಿದರು. ಆಮೇಲೆ ಪಶ್ಚಿಮದ ಕಾನೂನು, ಪಶ್ಚಿಮದ ಸಂಘಗಳು, ಪಶ್ಚಿಮದ ಮಟ್ಟಕ್ಕೆ ಓಡುವ ಸಂಬಳ. ಪೂರ್ವದ ಒಬ್ಬ ಕೆಲಸಗಾರನ ಉತ್ಪಾದನೆ ಮಾತ್ರ ಪಶ್ಚಿಮದ ಅರ್ಧದಷ್ಟೂ ಇರಲಿಲ್ಲ. ಕಾರ್ಖಾನೆಗಳು ಸಾಲುಸಾಲಾಗಿ ಮುಚ್ಚಿದವು, ಹರೆಯದವರು ಪಶ್ಚಿಮಕ್ಕೆ ಹೊರಟರು. ಆ ಪ್ರದೇಶ ತಡೆದುಕೊಂಡಿದ್ದು ಪಶ್ಚಿಮದ ತೆರಿಗೆದಾರರ ಹಣ ದಶಕಗಟ್ಟಲೆ ಹರಿದಿದ್ದರಿಂದ. ಗ್ರೀಸ್‌ಗೆ ಅಂಥ ಹಣ ಹರಿಯೋದಿಲ್ಲ. ಯುರೋಪಿಯನ್ ಒಕ್ಕೂಟದ ಇಡೀ ಬಜೆಟ್ ಸದಸ್ಯ ದೇಶಗಳ ಒಟ್ಟು ಆದಾಯದ ಸುಮಾರು ಶೇ 1. ಆಸ್ಟ್ರಿಯಾ, ಇಟಲಿ, ಫಿನ್ಲೆಂಡ್‌ಗಳಲ್ಲಿ ಕಾನೂನು ನಿಗದಿ ಮಾಡಿದ ಕನಿಷ್ಠ ವೇತನವೇ ಇಲ್ಲ, ಸಂಘಗಳು ಮಾತಾಡಿ ಮುಗಿಸುತ್ತವೆ. ಫ್ರಾನ್ಸ್‌ನಲ್ಲಿ ಸರ್ಕಾರ ನಿಗದಿ ಮಾಡುತ್ತದೆ. ಈ ಪದ್ಧತಿಗಳನ್ನು ಕಿತ್ತು ಒಂದೇ ನಿಯಮ ನೆಡೋಕೆ ಹೋದರೆ ಇರೋದೂ ಹಾಳಾಗುತ್ತದೆ.

ಒಂದಾಗಬೇಕಾದ್ದು ವಿಮೆ, ಅಂದರೆ ಕೆನೆನ್ ಹೇಳಿದ ಎರಡನೇ ಮಾತು: ಏಟು ತಿಂದವರಿಗೆ ಉಳಿದವರ ಹಣ ಹರಿದುಬರುವ ವ್ಯವಸ್ಥೆ. 2020ರಲ್ಲಿ ಒಕ್ಕೂಟ ಶ್ಯೂರ್ ಅನ್ನುವ ಯೋಜನೆ ತಂದಿತು. ಒಕ್ಕೂಟದ ಹೆಸರಿನಲ್ಲಿ ಒಟ್ಟಿಗೆ ಸಾಲ ಎತ್ತಿ, ಗಂಟೆ ಇಳಿಸುವ ಯೋಜನೆಗಳಿಗೆ ದೇಶಗಳಿಗೆ ಕೊಡೋದು. ಮಿತಿ 10,000 ಕೋಟಿ ಯೂರೊ. 19 ದೇಶಗಳಿಗೆ ಸುಮಾರು 9,840 ಕೋಟಿ ಹೋಯಿತು. ಹೆಚ್ಚು ಪಡೆದವರಲ್ಲಿ ಇಟಲಿ ಮತ್ತು ಸ್ಪೇನ್ ಮುಂದಿದ್ದವು. ಕೊಟ್ಟಿದ್ದು ಸಾಲ, ದಾನವಲ್ಲ. ಯೋಜನೆ 2022ರ ಕೊನೆಗೆ ಮುಗಿಯಿತು.

ಇದನ್ನು ಕಾಯಂ ಮಾಡಿ ಅಂದರೆ ಉತ್ತರದ ದೇಶಗಳು ತಕರಾರು ತೆಗೆಯುತ್ತವೆ: ‘ಕೆಟ್ಟ ಕಾನೂನು ಇಟ್ಟುಕೊಂಡ ದೇಶ ಪ್ರತಿವರ್ಷ ನಮ್ಮ ದುಡ್ಡು ತಿನ್ನುತ್ತದೆ.’ ತಕರಾರು ಸುಳ್ಳಲ್ಲ. ಆದರೆ ಉಪಾಯ ಇದೆ. ನಿರುದ್ಯೋಗ ಎಷ್ಟಿದೆ ಅಂತ ನೋಡಿ ಹಣ ಕೊಡಬಾರದು. ಆ ದೇಶದ್ದೇ ಹಿಂದಿನ ವರ್ಷಗಳ ಸರಾಸರಿಗಿಂತ ದಿಢೀರನೆ ಎಷ್ಟು ಏರಿತು ಅಂತ ನೋಡಿ ಕೊಡಬೇಕು. ಆಗ ಯಾವಾಗಲೂ ಶೇ 14 ನಿರುದ್ಯೋಗ ಇರುವ ದೇಶಕ್ಕೆ ಏನೂ ಸಿಗೋದಿಲ್ಲ, ಅದು ತನ್ನ ಕಾನೂನನ್ನು ತಾನೇ ಸರಿಮಾಡಿಕೊಳ್ಳಬೇಕು. ಶೇ 5ರಿಂದ 9ಕ್ಕೆ ಜಿಗಿದ ದೇಶಕ್ಕೆ ಸಿಗುತ್ತದೆ, ಅದು ಜರ್ಮನಿಯೇ ಆದರೂ.